ನಟನ ಚರಿತ್ರೆ ಮತ್ತು ನಟನ ಐತಿಹ್ಯ: ರಂಗಕಲಾವಿದರ ಜೀವನಚರಿತ್ರೆಗಳನ್ನು ಕುರಿತು

ಕನ್ನಡದಲ್ಲಿ ಕವಿಗಳ, ಶರಣರ, ರಾಷ್ಟ್ರನಾಯಕರ ಜೀವನಚರಿತ್ರೆಗಳ ಬಗೆಗೆ ಸಾಕಷ್ಟು ಚರ್ಚೆ ನಡೆದಿದೆ. ರಂಗನಟರ ಜೀವನಚರಿತ್ರೆಗಳ ಬಗೆಗೆ ಮಾತ್ರ ನಮ್ಮ ವಿಮರ್ಶೆ ಬಿಡುಗಡೆ ಸಮಾರಂಭದ ಮಾತುಗಳಿಂದ ಮುಂದಕ್ಕೆ ಹೋದದ್ದು ಕಡಿಮೆ. ಇದಕ್ಕೆ ಒಂದು ಕಾರಣ ಈ ಪ್ರಕಾರದ ಸ್ವರೂಪದಲ್ಲಿಯೇ ಇದೆ. ಕವಿಯ ಜೀವನಚರಿತ್ರೆಯನ್ನು ಬರೆಯುವವನ ಮುಂದೆ ಕವಿಯ ಕೃತಿಗಳಿರುತ್ತವೆ. ಮಾತಿಗೆ ಸಾಕ್ಷಿ ಬೇಕಾದಾಗ ಅವನು ಪುಟ ತಿರುವಿ ನೋಡಬಲ್ಲ. ನಟನ ಕೃತಿಯೋ ಬೆಳಗಿನ ಜಾವದ ಮಂಗಳದೊಂದಿಗೆ ಮುಗಿದುಹೋಗಿರುತ್ತದೆ. ಉಳಿಯುವುದು ನೋಡಿದವರ ನೆನಪು, ಜೊತೆಯಲ್ಲಿ ಬಣ್ಣ ಹಚ್ಚಿದವರ ಮಾತು, ಕೆಲವೊಮ್ಮೆ ಒಂದೆರಡು ಮಸುಕಾದ ಭಾವಚಿತ್ರ. ನೆನಪು ಎಂದೂ ಬಿಡಿ ಸಂಗತಿಯಾಗಿ ಬರುವುದಿಲ್ಲ. ಅದು ಕಥೆಯಾಗಿ ಬರುತ್ತದೆ. ಹೀಗಾಗಿ ನಟನ ಜೀವನಚರಿತ್ರೆಕಾರ, ತಾನು ಒಪ್ಪಲಿ ಬಿಡಲಿ, ಜಾನಪದ ಸಂಗ್ರಾಹಕನ ಕೆಲಸವನ್ನೇ ಮಾಡುತ್ತಿರುತ್ತಾನೆ. ಆದರೆ ಸಂಗ್ರಾಹಕನಿಗೆ ಇರಬೇಕಾದ ಶಿಸ್ತನ್ನು, ಅಂದರೆ ಯಾರು ಹೇಳಿದರು, ಯಾವಾಗ ಹೇಳಿದರು, ಯಾರ ಮುಂದೆ ಹೇಳಿದರು ಎಂಬುದನ್ನು ದಾಖಲಿಸುವ ಶಿಸ್ತನ್ನು, ಅವನು ಬಹುಮಟ್ಟಿಗೆ ಪಾಲಿಸುವುದಿಲ್ಲ. ಇದರಿಂದ ಚರಿತ್ರೆಗೂ ಐತಿಹ್ಯಕ್ಕೂ ಏಕಕಾಲದಲ್ಲಿ ಆಗುತ್ತಿರುವ ನಷ್ಟವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಮ್ಮ ವೃತ್ತಿರಂಗಭೂಮಿಯ ನಟರನ್ನು ಕುರಿತ ಕಿರುಹೊತ್ತಗೆಗಳನ್ನೂ ಅಭಿನಂದನ ಗ್ರಂಥಗಳ ಬರಹಗಳನ್ನೂ ಸಾಲಾಗಿ ಓದಿದವರಿಗೆ ಒಂದು ಸಿದ್ಧ ಆಕೃತಿ ಗೋಚರಿಸುತ್ತದೆ. ಬಡತನದ ಬಾಲ್ಯ, ಊರಿಗೆ ಬಂದ ಕಂಪನಿಯ ಅಥವಾ ಮೇಳದ ಆಕರ್ಷಣೆ, ಮನೆಬಿಟ್ಟು ಓಡಿಹೋಗುವುದು, ಮುಖ್ಯ ನಟನಿಗೆ ಜ್ವರ ಬಂದ ರಾತ್ರಿ ಹುಡುಗನಿಗೆ ಅಕಸ್ಮಾತ್ತಾಗಿ ದೊರೆತ ಪಾತ್ರ, ಸಭಿಕರಿಂದ ‘ಒನ್ಸ್ ಮೋರ್’, ಒಬ್ಬ ಗಣ್ಯನಿಂದ ಬಿರುದು, ಸ್ವಂತ ಕಂಪನಿ, ಬೆಂಕಿ, ಮಳೆ ಅಥವಾ ಸಾಲದಿಂದ ಸರ್ವನಾಶ, ಕೊನೆಗಾಲದ ಪ್ರಶಸ್ತಿ. ಹೆಸರುಗಳನ್ನು ಮುಚ್ಚಿಟ್ಟರೆ ಯಾವ ಬರಹ ಯಾರದೆಂದು ಹೇಳುವುದು ಕಷ್ಟ. ವೀರನ ಬದುಕಿನ ಕಥನಗಳಲ್ಲಿ ಮರುಕಳಿಸುವ ಇಪ್ಪತ್ತೆರಡು ಲಕ್ಷಣಗಳನ್ನು ಲಾರ್ಡ್ ರಾಗ್ಲನ್ 1936ರಲ್ಲಿ ಪಟ್ಟಿಮಾಡಿದ. ಅವನ ಪಟ್ಟಿಯಲ್ಲಿ ರಾಜಕುಮಾರರೂ ದೇವಪುತ್ರರೂ ಇದ್ದಾರೆ. ಕಂಪನಿ ನಾಟಕದ ನಟನಿಗೂ ಅಂಥದೊಂದು ಪಟ್ಟಿಯನ್ನು ನಾವೂ ತಯಾರಿಸಬಹುದು. ಅದಕ್ಕೆ ಹೆಚ್ಚಿನ ಶ್ರಮವೇನೂ ಬೇಕಾಗದು.

ಈ ಆಶಯಗಳು ಎಷ್ಟು ದೂರ ಸಂಚರಿಸುತ್ತವೆ ಎಂಬುದಕ್ಕೆ ಒಂದು ನಿದರ್ಶನ. ದೀನಬಂಧು ಮಿತ್ರರ ‘ನೀಲದರ್ಪಣ’ ನಾಟಕದೊಂದಿಗೆ ಕಲ್ಕತ್ತೆಯ ನ್ಯಾಷನಲ್ ಥಿಯೇಟರ್ 1872ರ ಡಿಸೆಂಬರಿನಲ್ಲಿ ಆರಂಭವಾಯಿತು. ಆ ನಾಟಕದಲ್ಲಿ ಕ್ರೂರ ನೀಲಿತೋಟದ ದೊರೆಯಾಗಿ ಅಭಿನಯಿಸಿದ ಅರ್ಧೇಂದುಶೇಖರ ಮುಸ್ತಾಫಿಯ ಮೇಲೆ ಈಶ್ವರಚಂದ್ರ ವಿದ್ಯಾಸಾಗರರು ಕೋಪದಿಂದ ಚಪ್ಪಲಿ ಎಸೆದರೆಂದೂ, ನಟ ಅದನ್ನು ತಲೆಯ ಮೇಲಿಟ್ಟುಕೊಂಡು ಇದೇ ತನಗೆ ಸಂದ ಬಹುಮಾನವೆಂದನೆಂದೂ ಬಂಗಾಳದಲ್ಲಿ ಇಂದಿಗೂ ಹೇಳುತ್ತಾರೆ. ಇದೇ ಕಥೆ ನಮ್ಮ ಖಳಪಾತ್ರಧಾರಿಗಳ ಬಗೆಗೂ ಹುಟ್ಟಿಕೊಂಡಿದೆ. ಇಲ್ಲಿ ಚಪ್ಪಲಿ ಎಸೆಯುವವಳು ಬಹುಮಟ್ಟಿಗೆ ಮುದುಕಿ. ದುಶ್ಶಾಸನನೋ ಕಂಸನೋ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಾನೆ. ಉತ್ತರ ಕರ್ನಾಟಕದ ಒಬ್ಬ ಹಿರಿಯ ಪೇಟಿ ಮಾಸ್ತರರು ಈ ಪ್ರಸಂಗವನ್ನು ಒಂದು ಭೇಟಿಯಲ್ಲಿ ಒಬ್ಬ ನಟನ ಹೆಸರಿನಲ್ಲಿಯೂ, ಕೆಲವು ತಿಂಗಳ ನಂತರ ಬೇರೊಬ್ಬನ ಹೆಸರಿನಲ್ಲಿಯೂ ನನಗೆ ಹೇಳಿದ್ದಾರೆ. ವ್ಯತ್ಯಾಸವನ್ನು ಎತ್ತಿ ತೋರಿಸಿದಾಗ ಅವರಿಗೆ ಮುಜುಗರವಾಗಲಿಲ್ಲ. “ಇಬ್ಬರಿಗೂ ಬಿದ್ದಿರಬೇಕು ಬಿಡ್ರಿ, ಇಬ್ಬರೂ ಹಂಗ ಮಾಡತಿದ್ದರು” ಎಂದರು. ವಕ್ತೃವಿನ ಈ ಉತ್ತರದಲ್ಲಿ ಒಂದು ವಿಮರ್ಶೆಯಿದೆ. ಚಪ್ಪಲಿ ಬಿತ್ತೇ ಇಲ್ಲವೇ ಎಂಬುದಕ್ಕಿಂತ, ಚಪ್ಪಲಿ ಬೀಳುವಷ್ಟು ಆ ಇಬ್ಬರೂ ಕೆಟ್ಟವರಾಗಿ ಕಂಡರು ಎಂಬುದು ಅವರ ಸಾಕ್ಷ್ಯ. ನಾಟಕವನ್ನು ನಿಜವೆಂದು ನಂಬುವ ಮುಗ್ಧ ಪ್ರೇಕ್ಷಕಿ, ಆ ನಂಬಿಕೆಯನ್ನು ಕಲೆಯ ಗೆಲುವೆಂದು ಸ್ವೀಕರಿಸುವ ವಿನಯಶೀಲ ನಟ, ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯುವ ಈ ಐತಿಹ್ಯ ರಂಗಭೂಮಿ ತನ್ನ ಬಗೆಗೆ ತಾನೇ ಹೇಳಿಕೊಂಡ ಕಥೆ. ಅದನ್ನು ಇಂಥವರ ಜೀವನದಲ್ಲಿ ಇಂಥ ಊರಿನಲ್ಲಿ ನಡೆದ ಘಟನೆಯೆಂದು ಅಚ್ಚುಹಾಕಿದ ಕೂಡಲೇ ಅದರ ಐತಿಹ್ಯದ ಮೌಲ್ಯ ಹೋಗುತ್ತದೆ. ಚರಿತ್ರೆಯ ಮೌಲ್ಯವಂತೂ ಮೊದಲೇ ಇರುವುದಿಲ್ಲ.

ಇಷ್ಟು ಹೇಳಿ, ನಮ್ಮ ಅಧ್ಯಯನ ಶಿಸ್ತಿನವರ ಇನ್ನೊಂದು ಅತಿಯ ಬಗೆಗೂ ಹೇಳಬೇಕು. ಒಂದು ಪ್ರಸಂಗ ಸಂಚಾರಿ ಆಶಯವೆಂದು ಗುರುತಿಸಿದೊಡನೆ ಅದು ಸುಳ್ಳೆಂದು ತೀರ್ಮಾನಿಸುವ ಅವಸರ ಜಾನಪದ ವಿದ್ವಾಂಸರಲ್ಲಿ ಕಾಣುತ್ತದೆ. ಮನೆಯಲ್ಲಿ ಸಾವಾಗಿದ್ದರೂ ನಟ ಆ ರಾತ್ರಿ ಪಾತ್ರ ಮಾಡಿದ ಎಂಬ ಕಥೆಯನ್ನೇ ನೋಡೋಣ. ಇದರಷ್ಟು ವ್ಯಾಪಕವಾದ ರಂಗ ಐತಿಹ್ಯ ಮತ್ತೊಂದಿರಲಾರದು. ಆದರೆ ಮರಾಠಿಯ ಬಾಲಗಂಧರ್ವರ (ನಾರಾಯಣ ಶ್ರೀಪಾದ ರಾಜಹಂಸ, 1888–1967) ವಿಷಯದಲ್ಲಿ ಇದಕ್ಕೆ ಒಂದು ದಿನಾಂಕವಿದೆ: 1911ರ ಮಾರ್ಚ್ 12. ಕಿರ್ಲೋಸ್ಕರ ಮಂಡಳಿ ಮುಂಬಯಿಯಲ್ಲಿ ಖಾಡಿಲ್ಕರರ ‘ಮಾನಾಪಮಾನ’ದ ಮೊದಲ ಪ್ರಯೋಗವನ್ನು ಇಟ್ಟುಕೊಂಡಿದ್ದ ದಿನ ಅವರ ಮಗಳು ತೀರಿಕೊಂಡಳು; ಅವರು ಅಂದು ರಾತ್ರಿ ಭಾಮಿನಿಯ ಪಾತ್ರವನ್ನು ಮಾಡಿದರು. ಇಲ್ಲಿ ಆಶಯವೂ ಘಟನೆಯೂ ಒಂದರ ಮೇಲೊಂದು ಕೂಡಿವೆ. ಹೀಗೆ ಕೂಡಿದಾಗ ಜೀವನಚರಿತ್ರೆಕಾರನ ಹೊಣೆ ಇಮ್ಮಡಿಯಾಗುತ್ತದೆ. ಟಿಕೆಟುಗಳು ಮಾರಾಟವಾಗಿದ್ದ, ಇಡೀ ಮಂಡಳಿಯ ಹಣ ತೊಡಗಿದ್ದ ಒಂದು ಮೊದಲ ಪ್ರಯೋಗವನ್ನು ನಿಲ್ಲಿಸುವ ಸ್ವಾತಂತ್ರ್ಯ ಇಪ್ಪತ್ತೆರಡು ವರ್ಷದ ಸ್ತ್ರೀಪಾತ್ರಧಾರಿಯೊಬ್ಬನಿಗೆ ಎಷ್ಟರಮಟ್ಟಿಗೆ ಇತ್ತು? ತಾಯಿ ಯಾವ ಸ್ಥಿತಿಯಲ್ಲಿದ್ದಳು? ‘ಕಲೆಗಾಗಿ ತ್ಯಾಗ’ ಎಂಬ ಐತಿಹ್ಯದ ಒಕ್ಕಣೆ ಈ ಪ್ರಶ್ನೆಗಳನ್ನು ಕೇಳಗೊಡುವುದಿಲ್ಲ. ಸುಳ್ಳು ಕಥೆಗಿಂತ ಇಂಥ ನಿಜವಾದ ಕಥೆಯ ಎದುರು ಚರಿತ್ರೆಕಾರ ಹೆಚ್ಚು ಎಚ್ಚರದಿಂದಿರಬೇಕಾಗುತ್ತದೆ.

ಈ ಸಮಸ್ಯೆ ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. ಫ್ರಾನ್ಸಿನ ಮೋಲಿಯೇರ್ ರಂಗದ ಮೇಲೆಯೇ ಸತ್ತನೆಂಬ ಮಾತು ನಮ್ಮ ಪಠ್ಯಪುಸ್ತಕಗಳವರೆಗೂ ಬಂದಿದೆ. ತನಗಿಲ್ಲದ ರೋಗಗಳನ್ನು ಕಲ್ಪಿಸಿಕೊಳ್ಳುವವನ ಪಾತ್ರವನ್ನು ವಹಿಸಿದ್ದಾಗಲೇ ಅವನು ಕುಸಿದದ್ದು ಈ ಕಥೆಗೆ ವಿಶೇಷ ರುಚಿಯನ್ನು ಕೊಟ್ಟಿದೆ. ಅವನ ಮೊದಲ ಜೀವನಚರಿತ್ರೆಯನ್ನು ಗ್ರಿಮಾರೆಸ್ತ್ 1705ರಲ್ಲಿ ಪ್ರಕಟಿಸಿದ. ಮೋಲಿಯೇರ್ ಸತ್ತು ಮೂವತ್ತೆರಡು ವರ್ಷಗಳಾಗಿದ್ದವು. ಅವನ ಮುಖ್ಯ ಆಧಾರ ಬಾಲ್ಯದಲ್ಲಿ ಮೋಲಿಯೇರ್‌ನ ಬಳಿ ಬೆಳೆದಿದ್ದ ನಟ ಬಾರೊನ್‌ನ ನೆನಪುಗಳು. ಅಂದರೆ ನಟನೊಬ್ಬ ನಟನೊಬ್ಬನ ಬಗೆಗೆ ಹೇಳಿದ ಮಾತುಗಳಿಂದ ಹುಟ್ಟಿದ ಪುಸ್ತಕವದು. ಆದರೆ ಅದೇ ತಂಡದಲ್ಲಿ ಲಾ ಗ್ರಾಂಜ್ ಎಂಬ ನಟನಿದ್ದ. ಅವನು 1659ರಿಂದ ತಂಡದ ಪ್ರತಿದಿನದ ನಾಟಕ, ಆ ದಿನದ ಆದಾಯ, ಪ್ರತಿಯೊಬ್ಬ ನಟನ ಪಾಲು ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. 1673ರ ಫೆಬ್ರವರಿ 17ರ ದಾಖಲೆಯಲ್ಲಿ, ನಾಟಕ ಮುಗಿದ ಮೇಲೆ ರಾತ್ರಿ ಹತ್ತರ ಹೊತ್ತಿಗೆ ಮೋಲಿಯೇರ್ ತನ್ನ ಮನೆಯಲ್ಲಿ ತೀರಿಕೊಂಡನೆಂದು ಅವನು ಗುರುತಿಸಿದ್ದಾನೆ. ಲೆಕ್ಕ ಬರೆದಿಟ್ಟ ಒಬ್ಬ ಸಹನಟನಿಂದಾಗಿ ಐತಿಹ್ಯ ಎಲ್ಲಿ ಆರಂಭವಾಯಿತೆಂದು ಇಂದು ನಾವು ತೋರಿಸಬಲ್ಲೆವು. ನಮ್ಮ ಕಂಪನಿಗಳಲ್ಲಿಯೂ ಮ್ಯಾನೇಜರರಿದ್ದರು, ರಾತ್ರಿಯ ಕಲೆಕ್ಷನ್ನಿನ ಲೆಕ್ಕವಿತ್ತು, ಪಗಾರದ ಚೀಟಿಗಳಿದ್ದವು. ಕ್ಯಾಂಪಿನಿಂದ ಕ್ಯಾಂಪಿಗೆ ಸಾಗಿದ ಆ ಕಬ್ಬಿಣದ ಪೆಟ್ಟಿಗೆಗಳಲ್ಲಿದ್ದ ಕಾಗದಗಳನ್ನು ಜೀವನಚರಿತ್ರೆಗೆ ಆಕರವೆಂದು ಪರಿಗಣಿಸಿದವರು ಕಡಿಮೆ.

ಐತಿಹಾಸಿಕ ವ್ಯಕ್ತಿಗಳ ವಿಷಯದಲ್ಲಿ ಜಾನಪದ ಅಧ್ಯಯನ ಈ ಎರಡು ಬಗೆಯ ಆಕರಗಳನ್ನು ಒಟ್ಟಿಗೆ ಇಟ್ಟುಕೊಳ್ಳುವುದನ್ನು ಬಹಳ ಹಿಂದೆಯೇ ಕಲಿತಿದೆ. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಸರಕಾರಿ ಕಡತಗಳಿಗೆ ಅವನು ದಂಗೆಕೋರ. ಜೆ.ಎಫ್. ಫ್ಲೀಟ್ ಬೆಳಗಾವಿ–ಧಾರವಾಡ ಸೀಮೆಯ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದಾಗ, ಹಲಗಲಿಯ ಬೇಡರ ಜೊತೆಗೆ ರಾಯಣ್ಣನೂ ಅದರಲ್ಲಿದ್ದ. ಫ್ಲೀಟ್ ಸ್ವತಃ ಅದೇ ಸರಕಾರದ ಅಧಿಕಾರಿ ಎಂಬುದನ್ನು ಮರೆಯುವಂತಿಲ್ಲ. ಲಾವಣಿಯನ್ನು ಕಡತದ ಬದಲಿಗೆ ಬಳಸಿದರೆ ಚರಿತ್ರೆ ಕೆಡುತ್ತದೆ; ಲಾವಣಿಯನ್ನು ಬಿಟ್ಟು ಕಡತವನ್ನೇ ನಂಬಿದರೆ ರಾಯಣ್ಣ ದಂಗೆಕೋರನಾಗಿಯೇ ಉಳಿಯುತ್ತಾನೆ. ಗೀಗೀ ಮೇಳದವರು ಅವನನ್ನು ಹೇಗೆ ಹಾಡಿದರು, ನಂದಗಡದ ಆಲದ ಮರದ ಬಳಿ ಜನ ಯಾಕೆ ಹರಕೆ ಹೊರುತ್ತಾರೆ ಎಂಬುದು ಅವನ ಮರಣೋತ್ತರ ಬದುಕಿನ ಚರಿತ್ರೆ. ಅದಕ್ಕೂ ಆಧಾರಗಳುಂಟು, ಅದನ್ನೂ ಪರಿಶೀಲಿಸಬಹುದು. ರಾಯಣ್ಣನಿಗೆ ಸಂದ ಈ ನ್ಯಾಯ ರಾಯಣ್ಣನ ಪಾತ್ರ ಮಾಡಿದ ನಟನಿಗೆ ಇನ್ನೂ ಸಂದಿಲ್ಲ.

ಪಾತ್ರ ಮತ್ತು ಪಾತ್ರಧಾರಿ ಒಬ್ಬರಲ್ಲೊಬ್ಬರು ಕರಗುವ ಸಂದರ್ಭಗಳಲ್ಲಿ ಈ ಕೊರತೆ ಹೆಚ್ಚು ಕಾಣಿಸುತ್ತದೆ. ಏಣಗಿ ಬಾಳಪ್ಪನವರು (1914–2017) ‘ಜಗಜ್ಯೋತಿ ಬಸವೇಶ್ವರ’ದ ಬಸವಣ್ಣನಾಗಿ ಪ್ರಸಿದ್ಧರು. ಪ್ರೇಕ್ಷಕರು ಅವರ ಕಾಲಿಗೆ ಎರಗುತ್ತಿದ್ದರೆಂದು ಹೇಳುವವರು ಅನೇಕರು. ಅದೇ ಬಾಳಪ್ಪನವರು ತಾರುಣ್ಯದಲ್ಲಿ ಸ್ತ್ರೀಪಾತ್ರಗಳಿಂದ ಹೆಸರು ಮಾಡಿದವರು; 1947ರಲ್ಲಿ ಕಲಾವೈಭವ ನಾಟ್ಯಸಂಘವನ್ನು ಕಟ್ಟಿ ದಶಕಗಳ ಕಾಲ ಒಂದು ದೊಡ್ಡ ಸಂಸಾರದ ಅನ್ನದ ಹೊಣೆ ಹೊತ್ತವರು. ಅಭಿನಂದನೆಯ ಬರಹಗಳಲ್ಲಿ ಬಸವಣ್ಣನ ಪಾತ್ರದ ಪ್ರಭಾವಳಿ ಹಿಂದಕ್ಕೂ ಹಬ್ಬಿ, ಇಡೀ ಬದುಕು ಆ ಪಾತ್ರದ ಸಿದ್ಧತೆ ಎಂಬಂತೆ ತೋರುತ್ತದೆ. ಗಣೇಶ ಅಮೀನಗಡ ಅವರು ಬಾಳಪ್ಪನವರ ಮಾತುಗಳನ್ನು ನಿರೂಪಿಸಿದ ‘ಬಣ್ಣದ ಬದುಕಿನ ಚಿನ್ನದ ದಿನಗಳು’ ಕೃತಿಯನ್ನು ಈ ಕಾರಣಕ್ಕಾಗಿ ವಿಶೇಷವಾಗಿ ಗಮನಿಸಬೇಕು. ಹರಿಹರನ ರಗಳೆಗಳ ಕಾಲದಿಂದ ನಮಗೆ ಒಗ್ಗಿಹೋಗಿರುವ ಶರಣಚರಿತೆಯ ಧಾಟಿಯಿಂದ ನಟನ ಚರಿತ್ರೆಯನ್ನು ಬಿಡಿಸಲು ನಟನ ಸ್ವಂತ ಮಾತೇ ಮೊದಲ ದಾರಿ.

ಆದರೆ ಆ ಮಾತೂ ನೇರವಾಗಿ ಬರುವುದಿಲ್ಲ. ಗುಬ್ಬಿ ವೀರಣ್ಣನವರ ‘ಕಲೆಯೇ ಕಾಯಕ’ದಿಂದ ಹಿಡಿದು ನಮ್ಮಲ್ಲಿ ನಟರ ಆತ್ಮಕಥನಗಳ ಒಂದು ಪರಂಪರೆ ಬೆಳೆದಿದೆ. ಅವುಗಳಲ್ಲಿ ಅನೇಕವು ಹೇಳಿ ಬರೆಸಿದವು. ಬಿ.ವಿ. ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನು ಬರಹಕ್ಕಿಳಿಸಿದವರು ವೈದೇಹಿ. ಕಾರಂತರು ಹುಡುಗರಾಗಿದ್ದಾಗ ಮನೆಬಿಟ್ಟು ಬಂದು ಗುಬ್ಬಿ ಕಂಪನಿಯನ್ನು ಸೇರಿದ್ದು ಎಲ್ಲರಿಗೂ ತಿಳಿದ ಸಂಗತಿ, ಮೇಲೆ ಹೇಳಿದ ಸಿದ್ಧ ಆಕೃತಿಯ ಪ್ರಮುಖ ಆಶಯವೂ ಹೌದು. ಆ ಪುಸ್ತಕ ಸಿದ್ಧ ಆಕೃತಿಗೆ ಪೂರ್ತಿ ಶರಣಾಗದಿರುವುದರಲ್ಲಿ ಕೇಳಿಸಿಕೊಂಡವರ ಪಾಲು ದೊಡ್ಡದೆಂದು ನನ್ನ ಅಭಿಪ್ರಾಯ; ಶೀರ್ಷಿಕೆಯಲ್ಲಿಯೇ ಇರುವ ತಳಮಳವನ್ನು ಬರಹ ಸಮಾಧಾನಪಡಿಸಲು ಹೋಗುವುದಿಲ್ಲ. ಸಾಮಾನ್ಯವಾಗಿ ನಿರೂಪಕರು ತಾವು ಕೇಳಿದ ಪ್ರಶ್ನೆಗಳನ್ನು ಅಳಿಸಿ ಉತ್ತರಗಳನ್ನು ಮಾತ್ರ ಉಳಿಸುತ್ತಾರೆ. ಆಗ ಎಂಬತ್ತರ ವಯಸ್ಸಿನ ನಟ ತಾನಾಗಿಯೇ ಬಿರುದುಗಳ ಬಗೆಗೆ ಹೇಳಿಕೊಂಡಂತೆ ಕಾಣುತ್ತದೆ. ವಾಸ್ತವದಲ್ಲಿ ‘ನಿಮಗೆ ಯಾವ ಯಾವ ಬಿರುದು ಬಂದಿವೆ’ ಎಂದು ಕೇಳಿದವರು ನಾವೇ. ಅಲ್ಲದೆ ನಟನೆಂದರೆ ಕಥೆಯನ್ನು ಪ್ರೇಕ್ಷಕರ ಮುಂದೆ ಸಾಣೆಹಿಡಿದವನು. ಐವತ್ತು ವರ್ಷ ಬಣ್ಣದ ಕೋಣೆಯಲ್ಲಿ ಹೇಳಿ ಹೇಳಿ ನಗು ಎಲ್ಲಿ ಬರುತ್ತದೆ, ಕಣ್ಣೀರು ಎಲ್ಲಿ ಬರುತ್ತದೆ ಎಂದು ಖಚಿತವಾದ ಪ್ರಸಂಗವನ್ನೇ ಅವನು ನಮ್ಮ ಟೇಪ್‌ರೆಕಾರ್ಡರಿನ ಮುಂದೆ ಮತ್ತೊಮ್ಮೆ ಪ್ರದರ್ಶಿಸುತ್ತಾನೆ. ಅದನ್ನು ಪ್ರದರ್ಶನವೆಂದೇ ದಾಖಲಿಸಿಕೊಳ್ಳಬೇಕು. ಪಗಾರ ಎಷ್ಟು, ಯಾವ ತಿಂಗಳು ಬಾಕಿ ಉಳಿಯಿತು, ಒಲೆಯ ಮೇಲೆ ಏನಿತ್ತು, ಯಾರು ಯಾರ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು ಎಂಬಂಥ ಪ್ರಶ್ನೆ ಕೇಳಿದಾಗ ಅವನು ತಡವರಿಸುತ್ತಾನೆ. ಆ ತಡವರಿಕೆಯ ನಂತರ ಬರುವ ಮಾತುಗಳು ಹಿಂದೆಂದೂ ಪ್ರದರ್ಶನಗೊಳ್ಳದ ಮಾತುಗಳು.

ಮಹಿಳೆಯರ ವಿಷಯಕ್ಕೆ ಬಂದರೆ ಐತಿಹ್ಯ ಕೇವಲ ಅಲಂಕಾರವಾಗಿ ಉಳಿಯುವುದಿಲ್ಲ, ತೀರ್ಪನ್ನೂ ಕೊಡುತ್ತದೆ. ಬೀಳಗಿಯ ಸೋದರಿಯರಲ್ಲಿ ಅಮೀರ್‌ಬಾಯಿ ಕರ್ನಾಟಕಿ ಚಲನಚಿತ್ರ ಗಾಯನದಲ್ಲಿ, ಮುಖ್ಯವಾಗಿ ‘ಕಿಸ್ಮತ್’ (1943) ಚಿತ್ರದ ಹಾಡುಗಳಿಂದ, ದೇಶಕ್ಕೆ ಪರಿಚಿತರಾದರು. ಗೋಹರ್‌ಬಾಯಿ ಬಾಲಗಂಧರ್ವರ ಮಂಡಳಿಯನ್ನು ಸೇರಿದರು. 1951ರಲ್ಲಿ ಅವರಿಬ್ಬರ ವಿವಾಹವಾಯಿತು. ಬಾಲಗಂಧರ್ವರ ಬಗೆಗಿನ ಜನಪ್ರಿಯ ಕಥನಗಳಲ್ಲಿ ಮುಸ್ಲಿಂ ಗಾಯಕಿಯಾದ ಗೋಹರ್ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಮಹಾನ್ ನಟನ ಅವನತಿಗೆ ಕಾರಣಳಾಗಿ. ಗಂಧರ್ವನನ್ನು ಮೋಹಿಸಿ ಕೆಡಿಸುವ ಮಾಯಾವಿನಿಯ ಆಶಯ ನಮ್ಮ ಕಥೆಗಳಲ್ಲಿ ಹೊಸದಲ್ಲ. ಮಂಡಳಿಯ ಸಾಲ, ಚಲನಚಿತ್ರದ ಪೈಪೋಟಿ, ಸ್ತ್ರೀಪಾತ್ರವನ್ನು ಪುರುಷರೇ ಮಾಡುವ ರೂಢಿ ಹಿಂದೆ ಸರಿದದ್ದು, ನಟನ ವಯಸ್ಸು, ಇವೆಲ್ಲವೂ ಹೇಳಬೇಕಾದ ಜಾಗದಲ್ಲಿ ಒಬ್ಬ ಹೆಂಗಸಿನ ಹೆಸರನ್ನು ಇಟ್ಟರೆ ಬರಹಗಾರನ ಕೆಲಸ ಸುಲಭವಾಗುತ್ತದೆ. ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಜೀವನಚರಿತ್ರೆಯನ್ನು ಬರೆದದ್ದು ಕನ್ನಡದಲ್ಲಿ ಮಹತ್ವದ ಘಟನೆಯಾಗುವುದು ಈ ಹಿನ್ನೆಲೆಯಲ್ಲಿ. ಎರಡು ಭಾಷೆಗಳ ನಡುವೆ, ನಾಟಕ ಮತ್ತು ಸಿನಿಮಾಗಳ ನಡುವೆ ಯಾರೂ ತಮ್ಮವರೆಂದು ಹೇಳಿಕೊಳ್ಳದೆ ಬಿಟ್ಟ ಕಲಾವಿದೆಯರಿಗೆ ಚರಿತ್ರೆಕಾರ ದೊರೆಯುವುದು ಅಪರೂಪ.

ಬಂಗಾಳದ ಬಿನೋದಿನಿ ದಾಸಿ ತನ್ನ ಕಥೆಯನ್ನು ತಾನೇ ಬರೆದುಕೊಂಡಳು. 1883ರಲ್ಲಿ ಕಟ್ಟಲಾದ ರಂಗಮಂದಿರಕ್ಕೆ ತನ್ನ ಹೆಸರಿಡುವುದಾಗಿ ಮಾತು ಕೊಟ್ಟಿದ್ದರೆಂದೂ, ನೋಂದಣಿಯಾಗುವ ಹೊತ್ತಿಗೆ ಅದು ‘ಸ್ಟಾರ್’ ಆಯಿತೆಂದೂ ಆಕೆ ದಾಖಲಿಸದೆ ಇದ್ದಿದ್ದರೆ, ನಮಗೆ ಉಳಿಯುತ್ತಿದ್ದುದು ‘ಚೈತನ್ಯಲೀಲಾ’ ನೋಡಲು ಬಂದ ರಾಮಕೃಷ್ಣ ಪರಮಹಂಸರು ಆಕೆಯನ್ನು ಹರಸಿದ ಪ್ರಸಂಗವೊಂದೇ. ಆಶೀರ್ವಾದದ ಕಥೆ ಪತಿತೆಯ ಉದ್ಧಾರದ ಐತಿಹ್ಯಕ್ಕೆ ಹೊಂದುತ್ತದೆ; ಹೆಸರು ತಪ್ಪಿಸಿದ ಕಥೆ ಯಾವ ಐತಿಹ್ಯಕ್ಕೂ ಹೊಂದುವುದಿಲ್ಲ. ನಮ್ಮಲ್ಲಿ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ ಕಂಸ, ಭೀಮ, ರಾವಣರ ಪಾತ್ರಗಳನ್ನು ಸ್ವತಃ ನಿರ್ವಹಿಸಿದರು. ಅವರ ಬಗೆಗಿನ ಬರಹಗಳು ‘ಗಂಡಸರನ್ನೂ ಮೀರಿಸಿದ ಗದೆಯ ಬೀಸು’ ಎಂಬಂಥ ಮಾತಿನಲ್ಲಿ ತೃಪ್ತಿಪಡುತ್ತವೆ. ಹೆಂಗಸರೇ ತುಂಬಿದ ಒಂದು ಮಂಡಳಿ ಊರೂರಿಗೆ ಹೋದಾಗ ಬಿಡಾರಕ್ಕೆ ಮನೆ ಕೊಡುತ್ತಿದ್ದವರು ಯಾರು, ಕಂಟ್ರಾಕ್ಟರರೊಂದಿಗೆ ಮಾತುಕತೆ ನಡೆಸುತ್ತಿದ್ದವರು ಯಾರು, ಹಸುಗೂಸಿದ್ದ ನಟಿಯ ಮಗು ಪ್ರದರ್ಶನದ ಹೊತ್ತಿನಲ್ಲಿ ಯಾರ ಮಡಿಲಲ್ಲಿರುತ್ತಿತ್ತು? ನಾಗರತ್ನಮ್ಮನವರಿಗೆ ಪದ್ಮಶ್ರೀ ಬಂದ 2012ರಲ್ಲಿಯೇ ಅವರು ತೀರಿಕೊಂಡರು. ಈ ಪ್ರಶ್ನೆಗಳಿಗೆ ಉತ್ತರಿಸಬಲ್ಲವರು ಈಗ ಅವರ ಮಂಡಳಿಯಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದವರು ಮಾತ್ರ.

ಪ್ರಾಯೋಗಿಕವಾಗಿ ಆಗಬೇಕಾದುದರ ಬಗೆಗೆ ಒಂದೆರಡು ಮಾತು. ಜೀವನಚರಿತ್ರೆಯಲ್ಲಿ ಐತಿಹ್ಯಗಳನ್ನು ಕೈಬಿಡಬೇಕಾಗಿಲ್ಲ. ಅವನ್ನು ಪಾಠಾಂತರಗಳ ಸಮೇತ, ಹೇಳಿದವರ ಹೆಸರು, ಸ್ಥಳ, ದಿನಾಂಕಗಳೊಂದಿಗೆ ಕೊಡಬೇಕು. ಗುಬ್ಬಿ ಕಂಪನಿಯ 1934ರ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆಗಳು ರಂಗಕ್ಕೆ ಬಂದದ್ದು ನಿಜ; ಎಷ್ಟು ಆನೆಗಳೆಂಬುದು ಹೇಳುವವರಿಂದ ಹೇಳುವವರಿಗೆ ಬದಲಾಗುತ್ತದೆ. ಸಂಖ್ಯೆ ಏರುವ ಬಗೆಯನ್ನು ಗುರುತಿಸಿದರೆ ಕಂಪನಿಯ ಕೀರ್ತಿ ಯಾವ ಕಾಲದಲ್ಲಿ, ಯಾವ ಸೀಮೆಯಲ್ಲಿ ಹೇಗೆ ಬೆಳೆಯಿತೆಂದು ತಿಳಿಯುತ್ತದೆ. ಆನೆಗಳನ್ನು ಎಣಿಸಬೇಕಾದಾಗ ಮಾತ್ರ ಹ್ಯಾಂಡ್‌ಬಿಲ್ಲನ್ನೂ ಕಂಪನಿಯ ಖರ್ಚಿನ ಪುಸ್ತಕವನ್ನೂ ನೋಡಬೇಕು. ಹ್ಯಾಂಡ್‌ಬಿಲ್ಲು ಜಾಹೀರಾತಾದುದರಿಂದ ಅದರಲ್ಲಿಯೂ ಆನೆಗಳು ಹೆಚ್ಚಿರುವ ಸಂಭವವುಂಟು. ಮೇವಿನ ಖರ್ಚು ಹೆಚ್ಚು ನಂಬಿಕೆಗೆ ಅರ್ಹ. 1876ರ ನಾಟಕ ಪ್ರದರ್ಶನ ಕಾಯಿದೆ ಮತ್ತು ಅನಂತರದ ಪರವಾನಗಿ ನಿಯಮಗಳಿಂದಾಗಿ ಸರಕಾರಿ ಕಚೇರಿಗಳಲ್ಲಿಯೂ ನಾಟಕಗಳಿಗೆ ಸಂಬಂಧಿಸಿದ ಕಾಗದಪತ್ರಗಳು ಸೃಷ್ಟಿಯಾಗಿವೆ. ಗ್ರಾಮಫೋನ್ ತಟ್ಟೆಗಳ ಕ್ಯಾಟಲಾಗುಗಳೂ ದಿನಾಂಕ ನಿರ್ಣಯಕ್ಕೆ ಸಹಾಯಕ.

ಇವೆಲ್ಲಕ್ಕಿಂತ ತುರ್ತಾದುದು ಕ್ಷೇತ್ರಕಾರ್ಯ. ಪ್ರಸಿದ್ಧ ನಟರನ್ನು ನಾವು ಸಾಕಷ್ಟು ಮಾತಾಡಿಸಿದ್ದೇವೆ. ಪರದೆ ಬರೆದವರು, ಪರದೆ ಎಳೆದವರು, ಪ್ರಾಂಪ್ಟರುಗಳು, ಕಂಪನಿಯ ಅಡುಗೆಯವರು, ತಬಲಾ ನುಡಿಸಿದವರು, ಹಗಲೆಲ್ಲ ಜಟಕಾ ಬಂಡಿಯಲ್ಲಿ ಊರು ಸುತ್ತಿ ನಾಟಕದ ಪ್ರಚಾರ ಮಾಡಿದವರು ನಮ್ಮ ವಕ್ತೃಗಳ ಪಟ್ಟಿಯಲ್ಲಿ ಬರುವುದೇ ಇಲ್ಲ. ನಟ ರಂಗದ ಮೇಲಿದ್ದಾಗ ಅವನನ್ನು ಬದಿಯಿಂದ ನೋಡಿದವರು ಇವರು. ಮೇಲೆ ಹೇಳಿದ ಪೇಟಿ ಮಾಸ್ತರರು ತಾವು ನುಡಿಸಿದ ನಟರ ಬಿರುದುಗಳನ್ನು ನೆನಪಿಟ್ಟುಕೊಂಡಿರಲಿಲ್ಲ. ಯಾರು ಯಾವ ಸ್ವರಕ್ಕೆ ಶ್ರುತಿ ಮಾಡಿಕೊಳ್ಳುತ್ತಿದ್ದರು, ಮಳೆಗಾಲದ ಕ್ಯಾಂಪಿನಲ್ಲಿ ಯಾರ ಧ್ವನಿ ಎಷ್ಟು ಕೆಳಗಿಳಿಯುತ್ತಿತ್ತು, ಅದನ್ನು ಸಭಿಕರಿಗೆ ತಿಳಿಯಗೊಡದೆ ತಾವು ಪೇಟಿಯಲ್ಲಿ ಹೇಗೆ ಮುಚ್ಚುತ್ತಿದ್ದೆವು ಎಂಬುದನ್ನು ಅವರು ಒಂದು ಮಧ್ಯಾಹ್ನವಿಡೀ ನುಡಿಸಿ ತೋರಿಸಿದರು.